ನಾಲ್ಕು ನಾಡು, ಹದಿಮೂರು ಸಂಸ್ಥಾನ, ಮತ್ತೆ ನಾಲ್ಕೇ: ಶಿಕೋಕುವಿನಲ್ಲಿ ಎಂಟು ದಿನ

ಜಪಾನಿನ ಶಿಕೋಕು ದ್ವೀಪದ ಹೆಸರಿನ ಅರ್ಥವೇ 'ನಾಲ್ಕು ನಾಡು'. ಸನುಕಿ, ಅವಾ, ತೊಸಾ, ಇಯೊ ಎಂಬ ಈ ನಾಲ್ಕು 'ಕುನಿ'ಗಳು ಸಾವಿರ ವರ್ಷಕ್ಕೂ ಹಳೆಯವು. 712ರ 'ಕೊಜಿಕಿ' ಎಂಬ ಪುರಾಣಗ್ರಂಥ ಈ ದ್ವೀಪಕ್ಕೆ ಮೈ ಒಂದು, ಮುಖ ನಾಲ್ಕು ಎಂದು ಹೇಳುತ್ತದೆ. ಇವತ್ತಿನ ನಕ್ಷೆ ಬಿಡಿಸಿದರೂ ಕಾಣುವುದು ನಾಲ್ಕೇ ಕೆನ್ (ಪ್ರಿಫೆಕ್ಚರ್, ನಮ್ಮ ರಾಜ್ಯದಂಥ ಆಡಳಿತ ಭಾಗ), ಅದೇ ಕ್ರಮದಲ್ಲಿ: ಕಗಾವ, ತೊಕುಶಿಮ, ಕೋಚಿ, ಎಹಿಮೆ. ಗಡಿಗಳೂ ಹೆಚ್ಚುಕಡಿಮೆ ಅವೇ. ಹಾಗಂತ ನಡುವೆ ಏನೂ ಆಗಿಲ್ಲ ಅಂದುಕೊಳ್ಳಬೇಡಿ. ಎದೊ ಕಾಲದ, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ಶೋಗುನ್ ಎಂಬ ಸೇನಾಧಿಪತಿ ದೇಶ ಆಳುತ್ತಿದ್ದ ಕಾಲದ, ಕೊನೆಗೆ ಇಲ್ಲಿ 13 ಸಂಸ್ಥಾನಗಳಿದ್ದವು (ಕೋಚಿಯ ಒಂದು ಕಿರುಶಾಖೆ ಬಿಟ್ಟು). 1871ರಲ್ಲಿ ಸಂಸ್ಥಾನಗಳು ರದ್ದಾದ ಮೇಲೆ 1888ರವರೆಗೆ, ಹದಿನೇಳು ವರ್ಷ, ಒಂದು ಕೆನ್ ಇನ್ನೊಂದನ್ನು ನುಂಗುವುದು, ಅರಗಿಸಿಕೊಳ್ಳಲಾಗದೆ ಉಗುಳುವುದು ನಡೆದೇ ಇತ್ತು. ಕೊನೆಗೆ ಉಳಿದದ್ದು ಸಂಸ್ಥಾನದ ಗಡಿಯೂ ಅಲ್ಲ, ಟೋಕಿಯೊ ಅಧಿಕಾರಿಗಳು ಎಳೆದ ಗೆರೆಯೂ ಅಲ್ಲ, ಹಳೆಯ ಕುನಿ. ಅದು ಯಾಕೆ ಹಾಗಾಯಿತು ಎಂಬುದು ಪುಸ್ತಕ ಓದುವುದಕ್ಕಿಂತ ಈ ದ್ವೀಪವನ್ನು ರೈಲಿನಲ್ಲಿ ಒಂದು ಸುತ್ತು ಹಾಕಿದರೆ ಬೇಗ ಅರ್ಥವಾಗುತ್ತದೆ.

ಹೊರಡುವ ಮೊದಲು

ವಾರ ನೋಡಿ ಹೊರಡಬೇಕು. ಇಲ್ಲಿನ ವಸ್ತುಸಂಗ್ರಹಾಲಯಗಳಲ್ಲಿ ಬಹುಪಾಲಿಗೆ ಸೋಮವಾರ ರಜೆ. ಸೋಮವಾರ ಸರ್ಕಾರಿ ರಜಾದಿನವಾದರೆ ಆ ದಿನ ತೆರೆದಿಟ್ಟು ಮಂಗಳವಾರ ಮುಚ್ಚುತ್ತಾರೆ, ಎಷ್ಟೋ ಜನ ಬೇಸ್ತು ಬೀಳುವುದು ಇಲ್ಲೇ. ಕೋಚಿಯ ಸಂತೆ ಭಾನುವಾರ. ಇದಕ್ಕೆಲ್ಲ ಹೊಂದುವಂತೆ ಮಂಗಳವಾರ ತಕಾಮತ್ಸುವಿನಲ್ಲಿ ಶುರುಮಾಡಿ ಮುಂದಿನ ಮಂಗಳವಾರ ಅವಾಜಿಯಲ್ಲಿ ಮುಗಿಸುವ ಲೆಕ್ಕ ಇದು. ವಿದೇಶಿ ಪ್ರವಾಸಿಗರಿಗೆ ಸಿಗುವ ಆಲ್ ಶಿಕೋಕು ರೈಲು ಪಾಸ್ 3, 4, 5, 7 ದಿನಗಳದ್ದು ಇದೆ, ದಿನಗಳು ಸಾಲಾಗಿ ಎಣಿಕೆಯಾಗುತ್ತವೆ. ರೈಲಿನ ಓಡಾಟ ಬುಧವಾರದಿಂದ ಸೋಮವಾರದವರೆಗೆ ಆರು ದಿನ ಬೀಳುವುದರಿಂದ 5 ದಿನದ್ದು ಒಂದು ದಿನಕ್ಕೆ ಸಾಲದು, 7 ದಿನದ್ದನ್ನೇ ತೆಗೆದುಕೊಳ್ಳಿ. ಟೋಕಿಯೊದಲ್ಲಿ ಎಲ್ಲ ಕಡೆ ತಟ್ಟುವ ಐಸಿ ಕಾರ್ಡ್ ಇಲ್ಲಿ ಕಗಾವದ ಕೆಲವು ನಿಲ್ದಾಣ ದಾಟಿದರೆ ಜೆಆರ್ (ಜಪಾನ್ ರೈಲ್ವೇಸ್) ರೈಲಿಗೆ ನಡೆಯದು.

ಎರಡನೆಯದು ಪಂಚಾಂಗದ ತೊಡಕು. ಫಲಕಗಳು ಇಸವಿಯ ಬದಲು ಬರೆಯುವ ಮೇಜಿ ಚಕ್ರವರ್ತಿಯ ಆಳ್ವಿಕೆಯ ವರ್ಷಕ್ಕೆ 1867 ಕೂಡಿಸಿದರೆ ಇಸವಿ ಬರುತ್ತದೆ, ಅಷ್ಟು ಸುಲಭ. ತಿಂಗಳು ತಾರೀಕು ಅಷ್ಟು ಸುಲಭವಲ್ಲ. 1873ರ ಜನವರಿ 1ಕ್ಕೆ ಮೊದಲು ಜಪಾನಿನಲ್ಲಿ ಚಾಂದ್ರಮಾನ. ಸಂಸ್ಥಾನ ರದ್ದತಿಯ ದಿನವನ್ನು ಫಲಕಗಳು 'ಮೇಜಿ 4, ಏಳನೇ ತಿಂಗಳು 14' ಎಂದು ಬರೆಯುತ್ತವೆ, ಅದು 1871ರ ಆಗಸ್ಟ್ 29. ಜುಲೈ 14 ಎಂದು ಓದಿಕೊಂಡರೆ ಮುಂದಿನ ಲೆಕ್ಕವೆಲ್ಲ ಒಂದೂವರೆ ತಿಂಗಳು ಹಿಂದೆ ಬೀಳುತ್ತದೆ.

ಮೂರು ಪದ ಗೊತ್ತಿದ್ದರೆ ಸಾಕು. 'ಕುನಿ' ಅಂದರೆ ನಾಡು. 'ಹಾನ್' ಅಂದರೆ ದೈಮ್ಯೊ ಎಂಬ ಒಡೆಯನ ಸಂಸ್ಥಾನ, ಸರ್ಕಾರಿ ಕಾಗದದಲ್ಲಿ ಈ ಪದ ಅಧಿಕೃತವಾಗಿ ಬಳಕೆಯಾದದ್ದು 1868ರಿಂದ 1871ರವರೆಗೆ ಮಾತ್ರ ಎಂಬುದು ತಮಾಷೆ. 'ಕೆನ್' ಅಂದರೆ ಈಗಿನ ಪ್ರಿಫೆಕ್ಚರ್. ಸಂಸ್ಥಾನದ ತೂಕವನ್ನು 'ಕೋಕು' ಲೆಕ್ಕದಲ್ಲಿ ಹೇಳುತ್ತಿದ್ದರು. ಒಂದು ಕೋಕು ಅಂದರೆ ಸುಮಾರು 180 ಲೀಟರ್, ತೂಕದಲ್ಲಿ 150 ಕಿಲೊ ಅಕ್ಕಿ. 10,000 ಕೋಕು ಇದ್ದರೆ ದೈಮ್ಯೊ, ಅದಕ್ಕಿಂತ ಕಡಿಮೆ ಇದ್ದರೆ ಅಲ್ಲ.

ಮೊದಲ ದಿನ, ಮಂಗಳವಾರ: ತಕಾಮತ್ಸು

ನಿಲ್ದಾಣದಿಂದ ಹೊರಬಂದು ನಾಲ್ಕೈದು ನಿಮಿಷ ನಡೆದರೆ ತಮಾಮೊ ಉದ್ಯಾನ, ಅಂದರೆ ತಕಾಮತ್ಸು ಕೋಟೆ. 1588ರಲ್ಲಿ ಇಕೊಮಾ ಮನೆತನ ಕಟ್ಟಲು ಶುರುಮಾಡಿದ್ದು. 1642ರಲ್ಲಿ ಮತ್ಸುದೈರಾ ಯೊರಿಶಿಗೆ 1,20,000 ಕೋಕಿನ ಒಡೆಯನಾಗಿ ಬಂದ. ಮಿತೊ ತೊಕುಗಾವ ಮನೆತನದ ಮಗ, ಶೋಗುನ್‌ಗೆ ಹತ್ತಿರದ ನೆಂಟ. ಕಂದಕದ ಅಂಚಿಗೆ ಬಗ್ಗಿ ನೋಡಿ. ಕೆರೆಯ ಕೆಂಪು ಮೀನಿನ ಬದಲು ಸಮುದ್ರದ ತೈ ಮೀನು ಓಡಾಡುತ್ತವೆ. ನೀರು ಉಪ್ಪು, ಒಳನಾಡ ಕಡಲಿನಿಂದ ತೂಬಿನ ಮೂಲಕ ಒಳಗೆ ಬರುತ್ತದೆ. ಈ ಕೋಟೆಯ ಮುಖ ನೆಲದ ಕಡೆಗಿಂತ ಕಡಲಿನ ಕಡೆಗೇ ಹೆಚ್ಚು. ಕಡಲೇ ಹೆದ್ದಾರಿ, ಬೆಟ್ಟವೇ ಗೋಡೆ ಎಂಬ ಮಾತನ್ನು ಇಲ್ಲೇ ಮನಸ್ಸಿನಲ್ಲಿಟ್ಟುಕೊಳ್ಳಿ, ಎಂಟು ದಿನವೂ ಬೇಕಾಗುತ್ತದೆ.

ಮುಖ್ಯ ಗೋಪುರ ಇಲ್ಲ, ಬರಿಯ ಕಲ್ಲಿನ ಬುನಾದಿ ಇದೆ. ಗೋಪುರ ಹಳತಾಗಿ 1884ರಲ್ಲಿ ಕೆಡವಿದರು. ಗೋಪುರ ಬಿದ್ದ ಆ ವರ್ಷ 'ಕಗಾವ ಕೆನ್' ಎಂಬುದೇ ಇರಲಿಲ್ಲ, ಈ ಊರು ಎಹಿಮೆಯ ಪೂರ್ವದ ಮೂಲೆಯಾಗಿತ್ತು.

1868ರ ಜನವರಿಯ ತೊಬಾ-ಫುಶಿಮಿ ಕಾಳಗದಲ್ಲಿ ತಕಾಮತ್ಸು ಚಕ್ರವರ್ತಿಯ ಪಕ್ಷದ ಎದುರು ಶೋಗುನ್ ಪಕ್ಷದಲ್ಲಿ ನಿಂತು ಸೋತಿತು. ಚಕ್ರವರ್ತಿಯ ಶತ್ರು ಎಂಬ ಹಣೆಪಟ್ಟಿ ಬಿತ್ತು, ಪಕ್ಕದ ತೊಸಾದ ಸೈನ್ಯ ಕೋಟೆಗೆ ಬಂದಿಳಿಯಿತು. ಇಬ್ಬರು ಹಿರಿಯ ಮಂತ್ರಿಗಳು ಹೊಣೆ ಹೊತ್ತು ಸೆಪ್ಪುಕು (ಹೊಟ್ಟೆ ಸೀಳಿಕೊಂಡು ಸಾಯುವುದು) ಮಾಡಿಕೊಂಡ ಮೇಲೆ ಸಂಸ್ಥಾನ ಉಳಿಯಿತು. ಉಳಿದದ್ದೂ ಮೂರೇ ವರ್ಷ. 1869ರಲ್ಲಿ ಒಡೆಯರೆಲ್ಲ ನೆಲವನ್ನೂ ಜನರನ್ನೂ ಚಕ್ರವರ್ತಿಗೆ ಒಪ್ಪಿಸಿ ಅದೇ ಊರಿಗೆ 'ಚಿಹಾಂಜಿ' ಎಂಬ ಅಧಿಕಾರಿಗಳಾದರು. ಸಂಸ್ಥಾನದ ಹುಟ್ಟುವಳಿಯಲ್ಲಿ ಹತ್ತನೇ ಒಂದು ಪಾಲು ಮನೆತನಕ್ಕೆ, ಉಳಿದದ್ದು ಆಡಳಿತಕ್ಕೆ. 1871ರಲ್ಲಿ ಆ ಹುದ್ದೆಯೂ ಹೋಯಿತು, ಎಲ್ಲರೂ ಟೋಕಿಯೊಗೆ ಬಂದು ನೆಲೆಸಬೇಕೆಂದು ಆಜ್ಞೆ. ಒಡೆಯರು ತಕರಾರಿಲ್ಲದೆ ಹೋದದ್ದಕ್ಕೆ ದೊಡ್ಡ ಕಾರಣ ಸಾಲ. ಸಂಸ್ಥಾನದ ಸಾಲವನ್ನೂ, ಮನಸ್ಸಿಗೆ ಬಂದಂತೆ ಅಚ್ಚುಹಾಕಿದ್ದ ಸಂಸ್ಥಾನದ ಕಾಗದದ ಹಣವನ್ನೂ ಹೊಸ ಸರ್ಕಾರ ತನ್ನ ತಲೆಗೆ ಹಾಕಿಕೊಂಡಿತು.

ಇಲ್ಲಿಂದ ಸನುಕಿಯ ಗೋಳು ಶುರು. ತಾರೀಕುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. 1871ರ ಡಿಸೆಂಬರಿನಲ್ಲಿ ತಕಾಮತ್ಸು, ಮರುಗಾಮೆ ಸೇರಿ ಮೊದಲ ಕಗಾವ. 1873ರ ಫೆಬ್ರವರಿ 20ಕ್ಕೆ ಅದು ರದ್ದು, ತೊಕುಶಿಮದಲ್ಲಿ ಕಚೇರಿ ಇದ್ದ ಮ್ಯೋದೊ ಕೆನ್‌ಗೆ ಸೇರ್ಪಡೆ. 1875ರ ಸೆಪ್ಟೆಂಬರ್ 5ಕ್ಕೆ ಎರಡನೇ ಕಗಾವ. ಒಂದು ವರ್ಷ ತುಂಬುವ ಮೊದಲೇ, 1876ರ ಆಗಸ್ಟ್ 21ಕ್ಕೆ, ಎಹಿಮೆಗೆ ಸೇರ್ಪಡೆ. 1888ರ ಡಿಸೆಂಬರ್ 3ಕ್ಕೆ ಮೂರನೇ ಕಗಾವ, ಈಗಿರುವುದು. ಆಗಿನ ಪ್ರಿಫೆಕ್ಚರ್‌ಗಳಲ್ಲಿ ಕೊನೆಗೆ ಹುಟ್ಟಿದ್ದು ಇದೇ, 47ರಲ್ಲಿ ವಿಸ್ತೀರ್ಣದಲ್ಲಿ ಚಿಕ್ಕದೂ ಇದೇ.

ಮಧ್ಯಾಹ್ನ ರಿತ್ಸುರಿನ್ ತೋಟ. ಒಡೆಯರ ಖಾಸಗಿ ತೋಟವನ್ನು 1875ರ ಮಾರ್ಚ್ 16ರಂದು ಜನರಿಗೆ ತೆರೆದರು. ಮೇಲಿನ ಚೀಟಿ ತೆಗೆದು ನೋಡಿ. ಅವತ್ತು ಆಡಳಿತ ಮ್ಯೋದೊ ಕೆನ್‌ನದು. ಸಂಜೆಯ ಬೆಳಕಿರುವಾಗಲೇ ಪ್ರಿಫೆಕ್ಚರ್ ಕಚೇರಿಯ ಪೂರ್ವ ಕಟ್ಟಡಕ್ಕೆ ಬನ್ನಿ. ತಾಂಗೆ ಕೆಂಜೊ ವಿನ್ಯಾಸ, 1958ರದ್ದು, 2022ರಲ್ಲಿ ರಾಷ್ಟ್ರೀಯ ಮಹತ್ವದ ಸಾಂಸ್ಕೃತಿಕ ಆಸ್ತಿಯಾಯಿತು. ಕಾಂಕ್ರೀಟಿನ ತೊಲೆಗಳನ್ನು ಮರದ ತೊಲೆಗಳ ಹಾಗೆ ಸಾಲಾಗಿ ಹೊರಚಾಚಿದ್ದಾರೆ. ನೆಲ ಅಂತಸ್ತು ಬೀದಿಗೆ ತೆರೆದೇ ಇದೆ, ಕಚೇರಿ ಕೆಲಸವಿಲ್ಲದವರೂ ಒಳಗೆ ಹೋಗಿ ಇನೊಕುಮಾ ಗೆನಿಚಿರೊನ ಪಿಂಗಾಣಿ ಬಿಲ್ಲೆಯ ಗೋಡೆಚಿತ್ರ ನೋಡಬಹುದು. ಮೂರು ಸಲ ಹುಟ್ಟಬೇಕಾಗಿ ಬಂದ ಕೆನ್ ತನ್ನ ಕಚೇರಿಯನ್ನು ಹೀಗೆ ಕಟ್ಟಿಕೊಂಡದ್ದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ.

ಎರಡನೇ ದಿನ, ಬುಧವಾರ: ಮರುಗಾಮೆ, ತಾದೋತ್ಸು, ನಂತರ ಉದ್ದದ ಓಟ

ಮರುಗಾಮೆಗೆ ಅರ್ಧ ಗಂಟೆ. ಕೋಟೆಯ ನಾಲ್ಕು ಹಂತದ ಕಲ್ಲುಗೋಡೆ ಒಟ್ಟು 60 ಮೀಟರ್ ಎತ್ತರ, ಅದರ ತಲೆಯ ಮೇಲೆ 1660ರ ಗೋಪುರ 15 ಮೀಟರ್. ಎದೊ ಕಾಲದಿಂದ ಉಳಿದ 12 ಮೂಲ ಗೋಪುರಗಳಲ್ಲಿ ಇದು ಒಂದು. ಆ 12ರಲ್ಲಿ ನಾಲ್ಕು ಶಿಕೋಕುವಿನಲ್ಲೇ ಇವೆ: ಮರುಗಾಮೆ, ಮತ್ಸುಯಾಮ, ಉವಾಜಿಮ, ಕೋಚಿ. 2018ರ ಮಳೆ, ಚಂಡಮಾರುತಗಳಿಗೆ ನೈಋತ್ಯದ ಗೋಡೆ ಕುಸಿಯಿತು. ಒಂದೊಂದೇ ಕಲ್ಲಿಗೆ ಅಂಕಿ ಹಾಕಿ ಮತ್ತೆ ಪೇರಿಸುವ ಕೆಲಸ ವರ್ಷಗಳ ಕಾಲ ಸಾಗಿದೆ, ಹಾಗಾಗಿ ಎಲ್ಲ ದಾರಿ ತೆರೆದಿರುವುದಿಲ್ಲ. ಮೇಲೆ ಹತ್ತುವ ಇಳಿಜಾರಿಗೆ 'ಮಿಕಾಎರಿ-ಝಾಕಾ' ಎಂದು ಹೆಸರು, ಏದುಸಿರು ಬಂದು ಹಿಂತಿರುಗಿ ನೋಡುವಂತಾಗುವ ಏರು.

51,000 ಕೋಕಿನ ಕ್ಯೋಗೊಕು ಸಂಸ್ಥಾನ ಇದು. ರದ್ದತಿಯ ಆಜ್ಞೆ ಬರುವುದಕ್ಕೆ ಮೂರು ತಿಂಗಳು ಮೊದಲೇ ತಾನಾಗಿ ಅರ್ಜಿ ಹಾಕಿ ಮರುಗಾಮೆ ಕೆನ್ ಆಯಿತು. ಅದರ ಶಾಖೆಯಾದ 10,000 ಕೋಕಿನ ತಾದೋತ್ಸು ಇನ್ನೂ ಮುಂಚೆ ಕೈಚೆಲ್ಲಿ, ಕಡಲಾಚೆಯ ಕುರಾಶಿಕಿ ಕೆನ್‌ಗೆ ಸೇರಿತು. ಸಣ್ಣ ಸಂಸ್ಥಾನಗಳ ಖಜಾನೆ ಹಾಗಿತ್ತು. 'ಒಂದು ಆಜ್ಞೆಗೆ 261 ಸಂಸ್ಥಾನ ಉರುಳಿದವು' ಎಂಬ ಕಥೆ ಕೇಳಲು ಚೆನ್ನ, ಆದರೆ ಕೆಲವು ತಳ್ಳುವ ಮೊದಲೇ ಬಿದ್ದಿದ್ದವು.

ತಾದೋತ್ಸುವಿನಲ್ಲಿ ನೋಡಲು ಹೆಚ್ಚಿಲ್ಲ, ರೈಲು ಬದಲಿಸುವಾಗ ಹಳೆಯ ಬಂದರಿನ ಬೀದಿ ಸುತ್ತಿದರೆ ಸಾಕು. ಇಲ್ಲಿಂದ ಪಶ್ಚಿಮಕ್ಕೆ ಹರಡಿದ ಹೊಲಗಳಲ್ಲಿ 1873ರ ಜೂನ್ ಕೊನೆಯಲ್ಲಿ ದೊಡ್ಡ ದಂಗೆ ಎದ್ದಿತು. ಕಡ್ಡಾಯ ಸೈನ್ಯ ಭರ್ತಿಯ ಪ್ರಕಟಣೆಯಲ್ಲಿ 'ರಕ್ತ ತೆರಿಗೆ' ಎಂಬ ಪದ ಬಂದಿತ್ತು, ಅದನ್ನು ನಿಜವಾಗಿ ರಕ್ತ ಹಿಂಡುತ್ತಾರೆ ಎಂದೇ ಹಳ್ಳಿಯವರು ಓದಿಕೊಂಡರು. ಬಿದಿರಿನ ಈಟಿ ಹಿಡಿದ ಗುಂಪುಗಳು ಶಾಲೆ, ಗ್ರಾಮಾಧಿಕಾರಿಗಳ ಮನೆ ಸೇರಿ ಸುಮಾರು 600 ಕಟ್ಟಡ ಸುಟ್ಟವು. ಪದದ ಗೊಂದಲ ನೆಪ, ಒಳಗಿನ ಸಿಟ್ಟು ಬೇರೆ. ಸೈನ್ಯ, ಶಾಲೆ, ಹೊಸ ಪಂಚಾಂಗ ಎಲ್ಲವೂ ಒಟ್ಟಿಗೇ ತಲೆಮೇಲೆ ಬಿದ್ದಿದ್ದವು, ಹೇಳಿಕೊಳ್ಳೋಣವೆಂದರೆ ಕೆನ್ ಕಚೇರಿ ಬೆಟ್ಟದಾಚೆಯ ತೊಕುಶಿಮದಲ್ಲಿ.

ತಾದೋತ್ಸುವಿನಿಂದ ಇಶಿಜುಚಿ ಎಕ್ಸ್‌ಪ್ರೆಸ್ ಹಿಡಿದು ಎರಡು ಗಂಟೆ ಕೂರಬೇಕು. ಒಕಾಯಾಮದಿಂದ ಬರುವ ಶಿಯೊಕಾಜೆಯನ್ನೂ ಇದನ್ನೂ ದಾರಿಯಲ್ಲಿ ಜೋಡಿಸಿ ಓಡಿಸುವುದುಂಟು, ಬೋಗಿ ಸಂಖ್ಯೆ ನೋಡಿ ಹತ್ತಿ. ಬಲಕ್ಕೆ ಕಡಲು ಇರುವ ಕಿಟಕಿ ಹಿಡಿಯಿರಿ. ನೀಹಾಮಾ ಬರುತ್ತದೆ. ಅದರ ಹಿಂದಿನ ಬೆಟ್ಟದಲ್ಲಿ 1691ರಿಂದ 1973ರವರೆಗೆ ತೋಡಿದ ಬೆಶ್ಶಿ ತಾಮ್ರದ ಗಣಿ ಇದೆ. ಆ ನೆಲ ಯಾವ ದೈಮ್ಯೊಗೂ ಸೇರಿರಲಿಲ್ಲ, ನೇರವಾಗಿ ಶೋಗುನ್‌ನದು. ಆಮೇಲೆ ಸೈಜೊ, ಕೊಮಾತ್ಸು, ಇಮಾಬರಿ, ಒಂದೊಂದೂ ಒಂದು ಕಾಲದ ಸಂಸ್ಥಾನ.

ಈ ಓಟದಲ್ಲೇ ಕಗಾವ ಯಾಕೆ ಬೇರೆಯಾಯಿತು ಎಂಬುದಕ್ಕೆ ಉತ್ತರ ಇದೆ. ತಕಾಮತ್ಸುವಿನಿಂದ ಮತ್ಸುಯಾಮಕ್ಕೆ ಹಳಿಯ ಮೇಲೆ 194 ಕಿ.ಮೀ. ಈ ಹಳಿ ಮತ್ಸುಯಾಮ ತಲುಪಿದ್ದು 1927ರಲ್ಲಿ. 1880ರ ದಶಕದಲ್ಲಿ ಸನುಕಿಯ ಶಾಸಕ ಎಹಿಮೆಯ ಸಭೆಗೆ ಹೋಗಬೇಕಾದರೆ ಹಡಗು ಹತ್ತಿ ಮಿತ್ಸು ಬಂದರಿಗೆ ಇಳಿಯಬೇಕು, ಇಲ್ಲವೇ ದಿನಗಟ್ಟಲೆ ನಡೆಯಬೇಕು. 1878ರ ನಿಯಮಗಳಿಂದ ಪ್ರಿಫೆಕ್ಚರ್ ಸಭೆಗಳು ಬಂದು, ಸ್ಥಳೀಯ ತೆರಿಗೆಯ ಖರ್ಚನ್ನು ಅವು ಚರ್ಚಿಸತೊಡಗಿದ ಮೇಲೆ ಜಗಳ ಲೆಕ್ಕಕ್ಕೆ ಇಳಿಯಿತು. ಯಾರ ಹೊಳೆಯ ಒಡ್ಡಿಗೆ ಯಾರ ದುಡ್ಡು? ಯಾರ ರಸ್ತೆ ಮೊದಲು? ಬೇರೆ ಕೆನ್ ಬೇಕೆಂದು ಹಟಹಿಡಿದವರ ಮುಂದಾಳು ತಕಾಮತ್ಸುವಿನ ನಾಕಾನೊ ಬುಎಈ, ಆತನೂ ಅದೇ ಸಭೆಯ ಸದಸ್ಯ.

ಇದು ಸನುಕಿಯೊಂದರ ಕಥೆಯಲ್ಲ. 1876ರಲ್ಲಿ ಸರ್ಕಾರ ಖರ್ಚು ಕಡಿಮೆ ಮಾಡಲು ದೇಶವನ್ನು 3 ಫು (ಟೋಕಿಯೊದಂಥ ದೊಡ್ಡ ಪಟ್ಟಣಗಳ ಕೆನ್), 35 ಕೆನ್‌ಗೆ ಇಳಿಸಿತ್ತು. ಸಭೆಗಳು ಬಂದ ಮೇಲೆ ಹೊಲಿಗೆ ಒಂದೊಂದಾಗಿ ಬಿಚ್ಚಿತು: 1880ರಲ್ಲಿ ತೊಕುಶಿಮ, 1881ರಲ್ಲಿ ಫುಕುಇ, ತೊತ್ತೊರಿ, 1883ರಲ್ಲಿ ತೊಯಾಮ, ಸಾಗಾ, ಮಿಯಾಝಾಕಿ, 1887ರಲ್ಲಿ ನಾರಾ, ಕೊನೆಗೆ ಕಗಾವ.

ಮೂರನೇ ದಿನ, ಗುರುವಾರ: ಮತ್ಸುಯಾಮ

ಊರಿನಲ್ಲಿ ಎರಡು ಮುಖ್ಯ ನಿಲ್ದಾಣಗಳಿವೆ. ಜೆಆರ್ ಮತ್ಸುಯಾಮ ಒಂದು, ಇಯೊ ರೈಲ್ವೆಯ ಮತ್ಸುಯಾಮ-ಶಿ ಇನ್ನೊಂದು. ಹೋಟೆಲು 'ನಿಲ್ದಾಣದ ಎದುರು' ಎಂದಿದ್ದರೆ ಯಾವ ನಿಲ್ದಾಣ ಎಂದು ಮೊದಲೇ ಖಚಿತ ಮಾಡಿಕೊಳ್ಳಿ. ಜೆಆರ್ ಎದುರಿಂದ 5ನೇ ನಂಬರಿನ ಟ್ರ್ಯಾಮ್ ಹಿಡಿದು ಕೆಂಚೊ-ಮಾಎ, ಅಂದರೆ 'ಕೆನ್ ಕಚೇರಿ ಎದುರು', ನಿಲುಗಡೆಯಲ್ಲಿ ಇಳಿಯಿರಿ. 1929ರ ಗುಮ್ಮಟದ ಕಟ್ಟಡ, ವಾಸ್ತುಶಿಲ್ಪಿ ಕಿಗೊ ಶಿಚಿರೊ. ಹಿಂದೆ ಬೆಟ್ಟದ ಮೇಲೆ ಕೋಟೆ. ಕಚೇರಿ ಕೆಳಗೆ, ಕೋಟೆ ಮೇಲೆ, ಒಂದೇ ಚಿತ್ರದಲ್ಲಿ ಸೆರೆಸಿಗುತ್ತವೆ. ಬೆಟ್ಟದ ಬುಡದಲ್ಲೇ ಬಾನ್ಸುಇಸೊ ಎಂಬ ಫ್ರೆಂಚ್ ಶೈಲಿಯ ಬಂಗಲೆ ಇದೆ. 1922ರಲ್ಲಿ ಹಳೆಯ ಒಡೆಯರ ಮನೆತನದ ಹಿಸಾಮಾತ್ಸು ಸದಾಕೊತೊ ಕಟ್ಟಿಸಿದ್ದು, ವಾಸ್ತುಶಿಲ್ಪಿ ಅದೇ ಕಿಗೊ. ಒಡೆಯನ ವಂಶಕ್ಕೂ ಕೆನ್ ಕಚೇರಿಗೂ ಒಬ್ಬನೇ ನಕ್ಷೆ ಬರೆದ.

ಕೋಟೆಗೆ ರೋಪ್‌ವೇ ಇದೆ, ಒಬ್ಬರೇ ಕೂರುವ ತೆರೆದ ಕುರ್ಚಿ ಸಾಲೂ ಇದೆ, ಒಂದೇ ಟಿಕೆಟ್. ಒಕಾಇದೊ ನಿಲುಗಡೆಯಿಂದ ನಡೆದು ಹೋಗಬೇಕು. ಬೆಟ್ಟ 132 ಮೀಟರ್. ಮೂಲ ಗೋಪುರ 1784ರಲ್ಲಿ ಸಿಡಿಲಿಗೆ ಸುಟ್ಟು, ಈಗಿನದು 1850ರ ದಶಕದಲ್ಲಿ ಮುಗಿಯಿತು. ಅಂದರೆ ಮೂಲವೆಂದು ಕರೆಯುವ ಈ ಗೋಪುರ ಸಂಸ್ಥಾನವಾಗಿ ಕಂಡ ಕಾಲ ಇಪ್ಪತ್ತು ವರ್ಷವೂ ಇಲ್ಲ. ಒಳಗೆ ಏಣಿಯಂಥ ಮೆಟ್ಟಿಲು, ಚಪ್ಪಲಿ ಹೊರಗೆ ಬಿಡಬೇಕು. ಚಳಿಗಾಲದಲ್ಲಿ ಹಲಗೆ ನೆಲ ಪಾದ ಕೊರೆಯುತ್ತದೆ, ದಪ್ಪ ಕಾಲುಚೀಲ ಬೇಕೇ ಬೇಕು.

ಮತ್ಸುಯಾಮದ 1,50,000 ಕೋಕಿನ ಒಡೆಯರೂ ಮತ್ಸುದೈರಾಗಳೇ, ಅವರೂ ಶೋಗುನ್ ಪಕ್ಷದವರೇ. 1868ರಲ್ಲಿ ಇಲ್ಲಿಗೂ ತೊಸಾ ಸೈನ್ಯ ಬಂತು. 1,50,000 ರ್‍ಯೊ (ಆಗಿನ ಚಿನ್ನದ ನಾಣ್ಯ) ದಂಡ ತೆತ್ತು, ಮತ್ಸುದೈರಾ ಎಂಬ ಕುಲನಾಮ ಬಿಟ್ಟು, ಹಿಸಾಮಾತ್ಸು ಆದರು. ಆರು ವರ್ಷ ಕಳೆದು ಎಹಿಮೆಗೆ ಬಂದ ಮುಖ್ಯಾಧಿಕಾರಿ ಇವಾಮುರಾ ತಾಕಾತೊಶಿ ಯಾರು? ತೊಸಾದ ಸುಕುಮೊದವನು. ಊರಿನ ಹಳೆಯ ಸಮುರಾಯ್‌ಗಳು ಇದನ್ನು ಹೇಗೆ ನುಂಗಿಕೊಂಡರೋ.

ಇಯೊ ನಾಡಿನಲ್ಲಿ ಎಂಟು ಸಂಸ್ಥಾನಗಳಿದ್ದವು: ಸೈಜೊ, ಕೊಮಾತ್ಸು, ಇಮಾಬರಿ, ಮತ್ಸುಯಾಮ, ನೀಯಾ, ಓಝು, ಯೊಶಿದಾ, ಉವಾಜಿಮ. 1871ರ ಕೊನೆಗೆ ಉತ್ತರದ ನಾಲ್ಕು ಒಂದು ಕೆನ್, ದಕ್ಷಿಣದ ನಾಲ್ಕು ಇನ್ನೊಂದು. ಉತ್ತರದ್ದಕ್ಕೆ 1872ರಲ್ಲಿ ಇಶಿಜುಚಿ ಎಂಬ ಬೆಟ್ಟದ ಹೆಸರಿಟ್ಟು ಕಚೇರಿಯನ್ನು ಇಮಾಬರಿಗೆ ಒಯ್ದರು. ದಕ್ಷಿಣದ್ದು ಕಾಮಿಯಾಮ. 1873ರ ಫೆಬ್ರವರಿ 20ಕ್ಕೆ ಎರಡೂ ಸೇರಿ ಎಹಿಮೆ. ಹೆಸರನ್ನು ಕೊಜಿಕಿಯಿಂದ ತೆಗೆದರು, ಇಯೊ ನಾಡಿನ ಮುಖವಾದ ದೇವತೆಯ ಹೆಸರು ಅದು. ಎಂಟು ಸಂಸ್ಥಾನಗಳಲ್ಲಿ ಯಾರ ಹೆಸರಿಟ್ಟರೂ ಏಳು ಊರು ಮುನಿಸಿಕೊಳ್ಳುವ ಕಡೆ ದೇವತೆಯೇ ಲೇಸು.

ಒಂದು ಹಳೆಯ ವಾದ ಇಲ್ಲಿ ಪದೇ ಪದೇ ಕೇಳಿಬರುತ್ತದೆ. ಹೊಸ ಸರ್ಕಾರದ ಪಕ್ಷದಲ್ಲಿದ್ದ ಸಂಸ್ಥಾನಗಳ ಕೆನ್‌ಗೆ ಕೋಟೆಯೂರಿನ ಹೆಸರೇ ಉಳಿಯಿತು, ಎದುರು ನಿಂತವರ ಕೆನ್‌ಗೆ ಶಿಕ್ಷೆಯಾಗಿ ಗುಡ್ಡದ್ದೋ ತಾಲೂಕಿನದ್ದೋ ಹೆಸರು ಬಿತ್ತು ಎಂಬುದು. ಇದನ್ನು ಹರಡಿದ ಪತ್ರಕರ್ತ ಮಿಯಾತಾಕೆ ಗೈಕೊತ್ಸು ಸನುಕಿಯವನೇ. ಮೇಲ್ನೋಟಕ್ಕೆ ಶಿಕೋಕುವಿಗೆ ಸರಿಹೊಂದುತ್ತದೆ: ಗೆದ್ದ ಕೋಚಿಗೆ ಕೋಚಿಯ ಹೆಸರೇ, ಸೋತ ತಕಾಮತ್ಸುಗೆ ಸುತ್ತಲ ತಾಲೂಕಿನ ಹೆಸರಾದ ಕಗಾವ, ಸೋತ ಮತ್ಸುಯಾಮಕ್ಕೆ ಎಹಿಮೆ. ಆದರೆ ಶತ್ರುವಲ್ಲದ ತೊಕುಶಿಮಕ್ಕೂ ಮೊದಲು ಬಿದ್ದದ್ದು ಮ್ಯೋದೊ ಎಂಬ ತಾಲೂಕಿನ ಹೆಸರು. ಸರ್ಕಾರಕ್ಕೆ ಬೇಕಾದವನೇ ಆಗಿದ್ದ ಉವಾಜಿಮದ ಒಡೆಯನ ಊರಿನ ಹೆಸರೂ ಉಳಿಯಲಿಲ್ಲ. ಹೋಲುವ ಉದಾಹರಣೆ ಮಾತ್ರ ಆರಿಸಿಕೊಂಡು ಕಟ್ಟಿದ ವಾದ ಎಂದೇ ನನ್ನ ತೀರ್ಮಾನ.

ನಾಲ್ಕನೇ ದಿನ, ಶುಕ್ರವಾರ: ಓಝು ದಾಟಿ ಉವಾಜಿಮ

ಉವಾಕಾಇ ಎಕ್ಸ್‌ಪ್ರೆಸ್‌ನಲ್ಲಿ ಕೂತಾಗ ನಿಲ್ದಾಣಗಳ ಹೆಸರು ಗಮನಿಸಿ. ಇಯೊ-ಓಝು, ಇಯೊ-ಯೊಶಿದಾ. ಆಚೆ ಕಡೆ ಹೋದರೆ ತೊಸಾ-ಯಾಮಾದಾ, ಅವಾ-ಇಕೆದಾ, ಸನುಕಿ-ಫುಚೂ. ಒಂದೇ ಹೆಸರಿನ ಊರುಗಳು ದೇಶದ ತುಂಬ ಇರುವಾಗ ಗುರುತಿಗೆ ರೈಲ್ವೆಯವರು ಮುಂದೆ ಅಂಟಿಸಿದ್ದು ಕುನಿಯ ಹೆಸರನ್ನು. ನೀಲಿ ಗೆರೆಯ ಬಿಳಿ ಫಲಕದಲ್ಲಿ ಸಾವಿರ ವರ್ಷದ ನಾಡು ಮೊದಲ ಪದ, ಊರು ಎರಡನೇ ಪದ. ಕೆನ್ ಹೆಸರು ಅಲ್ಲಿಗೆ ಏರಲಿಲ್ಲ.

ಓಝುವಿನಲ್ಲಿ ಎರಡು ಗಂಟೆ ಇಳಿಯಿರಿ. 60,000 ಕೋಕಿನ ಕಾತೊ ಸಂಸ್ಥಾನ. ಗೋಪುರವನ್ನು 1888ರಲ್ಲಿ ಕೆಡವಿದ್ದರು, 2004ರಲ್ಲಿ ಹಳೆಯ ಚಿತ್ರ, ಮರದ ಮಾದರಿ ನೋಡಿ ಮರದಲ್ಲೇ 19.15 ಮೀಟರ್ ಎತ್ತರಕ್ಕೆ ಮತ್ತೆ ಕಟ್ಟಿದರು. ನಿಲ್ದಾಣದಿಂದ ಹೊಳೆ ದಾಟಿ ಅರ್ಧ ಗಂಟೆ ನಡಿಗೆ, ದೊಡ್ಡ ಪೆಟ್ಟಿಗೆಯನ್ನು ಹೋಟೆಲಿಗೆ ಮುಂಗಡ ಕಳಿಸಿಬಿಟ್ಟರೆ ಹಾಯಾಗಿರುತ್ತದೆ.

ಉವಾಜಿಮಕ್ಕೆ 1615ರಲ್ಲಿ 1,00,000 ಕೋಕು ಹಿಡಿದು ಬಂದವನು ಉತ್ತರದ ಸೆಂದೈನ ದಾತೆ ಮಾಸಾಮುನೆಯ ಹಿರಿಮಗ ಹಿದೆಮುನೆ. 1657ರಲ್ಲಿ ಅದರಿಂದ 30,000 ಕೋಕು ಒಡೆದು ಯೊಶಿದಾ ಸಂಸ್ಥಾನವಾಯಿತು. ಕೋಟೆಗುಡ್ಡ ಹತ್ತುವ ದಾರಿ ಕಾಡಿನೊಳಗೆ, ಮಳೆ ಬಂದ ಮರುದಿನ ಕಲ್ಲುಮೆಟ್ಟಿಲು ಪಾಚಿ ಕಟ್ಟಿ ಜಾರುತ್ತದೆ. ಮೇಲಿನ ಮೂರಂತಸ್ತಿನ ಗೋಪುರ ಕಾಳಗಕ್ಕಿಂತ ಅಂದಕ್ಕೇ ಕಟ್ಟಿದಂತಿದೆ, ಕಲ್ಲೆಸೆಯುವ ಕಿಂಡಿಯೇ ಕಾಣಿಸದು. ಕೊನೆಗಾಲದ ಒಡೆಯ ದಾತೆ ಮುನೆನಾರಿ ಬುದ್ಧಿವಂತ. ಡಚ್ ವಿದ್ಯೆ ಕಲಿತವರನ್ನು ಕರೆಸಿದ, ಊರಿನ ಲಾಟೀನು ರಿಪೇರಿಯವನಿಂದ ಉಗಿಹಡಗಿನ ಯಂತ್ರ ಮಾಡಿಸಿದ, ಸಂಸ್ಥಾನ ಹೋದ ವರ್ಷವೇ ಚೀನಾ ಜೊತೆಗಿನ 1871ರ ಒಪ್ಪಂದಕ್ಕೆ ಜಪಾನಿನ ಪರ ಸಹಿ ಹಾಕಿದ. ದಾತೆ ಮನೆತನದ ಸಂಗ್ರಹಾಲಯ ಮಂಗಳವಾರ ಮುಚ್ಚಿರುತ್ತದೆ, ಶುಕ್ರವಾರ ಬರುವುದು ಅದಕ್ಕೇ. ರಾತ್ರಿ ತೈಮೆಶಿ ತಿನ್ನಿ. ಇಲ್ಲಿನದು ಬೇಯಿಸಿದ್ದಲ್ಲ, ಹಸಿ ತೈ ಮೀನಿನ ಹೋಳನ್ನು ಹಸಿಮೊಟ್ಟೆ ಕದಡಿದ ಸೋಯಾ ಸಾರಿನಲ್ಲಿ ಅದ್ದಿ ಬಿಸಿ ಅನ್ನದ ಮೇಲೆ ಸುರಿಯುವುದು. ಮತ್ಸುಯಾಮದಲ್ಲಿ ಅದೇ ಹೆಸರಿಗೆ ಅನ್ನದ ಜೊತೆ ಬೇಯಿಸಿದ ಮೀನು ಬರುತ್ತದೆ. ಕೆನ್ ಒಂದಾಗಿ ನೂರೈವತ್ತು ವರ್ಷವಾದರೂ ಅಡುಗೆಮನೆ ಒಪ್ಪಿಲ್ಲ.

ಐದನೇ ದಿನ, ಶನಿವಾರ: ಯೊದೊ ಲೈನ್

ಇಡೀ ದಿನ ರೈಲು. ಉವಾಜಿಮದಿಂದ ಕುಬೊಕಾವಾಗೆ ಒಂದೇ ಬೋಗಿಯ ಡೀಸೆಲ್ ಗಾಡಿ, ಎರಡರಿಂದ ಎರಡೂವರೆ ಗಂಟೆ. ದಿನಕ್ಕೆ ಕೆಲವೇ ಓಟ, ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ಕೆಲವು ಓಟಕ್ಕೆ ಶಿಂಕಾನ್ಸೆನ್ ಮೂತಿ ಅಂಟಿಸಿದ ಬೋಗಿ ಬರುತ್ತದೆ, ವೇಗ ಮಾತ್ರ ಎತ್ತಿನಗಾಡಿಯದು. ವಾಕಾಇ ಮತ್ತು ಕುಬೊಕಾವಾ ನಡುವಿನ ತುಂಡು ತೊಸಾ ಕುರೊಶಿಯೊ ರೈಲ್ವೆಯದು, ಜೆಆರ್ ಟಿಕೆಟ್ ಮಾತ್ರ ಇದ್ದವರು ಬೇರೆ ದುಡ್ಡು ಕೊಡಬೇಕು, ಶಿಕೋಕು ಪಾಸ್‌ಗೆ ಬೇಡ. ಶಿಮಾಂತೊ ಹೊಳೆಯನ್ನು ಮತ್ತೆ ಮತ್ತೆ ದಾಟುವ ಈ ಹಳಿ ಪೂರ್ತಿಯಾದದ್ದು 1974ರಲ್ಲಿ. ಇಯೊ ಮತ್ತು ತೊಸಾ ಒಂದೇ ಕೆನ್ ಆಗಲಿ ಎಂದು ಯಾರೂ ಯಾಕೆ ಕೇಳಲಿಲ್ಲ ಎಂಬುದಕ್ಕೆ ಕಿಟಕಿಯೇ ಸಾಕ್ಷಿ. ಕುಬೊಕಾವಾದಿಂದ ಕೋಚಿಗೆ ಎಕ್ಸ್‌ಪ್ರೆಸ್, ಒಂದು ಗಂಟೆಯ ಮೇಲೆ.

ಆರನೇ ದಿನ, ಭಾನುವಾರ: ಕೋಚಿ

ಬೆಳಿಗ್ಗೆ ಬೇಗ ಎದ್ದು ಒತೆಸುಜಿ ಬೀದಿಯ ಸಂತೆ ನೋಡಿ, ಮುನ್ನೂರು ವರ್ಷಕ್ಕೂ ಹಳೆಯದು, ಒಂದು ಕಿಲೊಮೀಟರಿಗೂ ಉದ್ದ. ಶುಂಠಿ, ಯುಜು ಹಣ್ಣು, ಗೆಣಸಿನ ಬಜ್ಜಿ, ಕುಡುಗೋಲು. ಬೀದಿಯ ತುದಿಯಲ್ಲೇ ಕೋಟೆಯ ಒತೆಮೊನ್ ಬಾಗಿಲು. ಬಾಗಿಲು, ಗೋಪುರ ಎರಡೂ ಒಂದೇ ಚೌಕಟ್ಟಿನಲ್ಲಿ ಸಿಗುವ ಜಾಗ ಇಲ್ಲಿದೆ, ಮೂಲ ಕಟ್ಟಡಗಳಲ್ಲಿ ಹೀಗೆ ಸಿಗುವುದು ಅಪರೂಪ. 1727ರಲ್ಲಿ ಸುಟ್ಟು 1749ರಲ್ಲಿ ಮತ್ತೆ ಎದ್ದ ಗೋಪುರ. ಅದಕ್ಕೆ ಅಂಟಿಕೊಂಡ ಅರಮನೆಯೂ ಉಳಿದಿದೆ, ಎರಡೂ ಜೊತೆಗೆ ಉಳಿದದ್ದು ದೇಶದಲ್ಲಿ ಇದೊಂದೇ. 1873ರ ಕೋಟೆ ರದ್ದತಿಯ ಆಜ್ಞೆಯ ನಂತರ ಉದ್ಯಾನವಾದದ್ದರಿಂದ ಮೇಲಿನ ಭಾಗ ಬದುಕಿಕೊಂಡಿತು.

ಸಂಸ್ಥಾನಗಳು ಮಣ್ಣಾಗಲು ಈ ಊರಿನ ಕೈ ಎಷ್ಟು ದೊಡ್ಡದು ನೋಡಿ. 1867ರಲ್ಲಿ ಅಧಿಕಾರ ಬಿಟ್ಟುಕೊಡಿ ಎಂದು ಶೋಗುನ್‌ಗೆ ಮನವಿ ಕೊಟ್ಟವನು ಇಲ್ಲಿನ ಯಾಮಾಉಚಿ ಯೊದೊ. 1869ರಲ್ಲಿ ನೆಲ ಒಪ್ಪಿಸುವ ಅರ್ಜಿಗೆ ಮೊದಲು ಮುಂದಾದ ನಾಲ್ಕು ಸಂಸ್ಥಾನಗಳಲ್ಲಿ ಸಾತ್ಸುಮಾ, ಚೋಶೂ, ಹಿಜೆನ್ ಜೊತೆ ತೊಸಾ. 1871ರಲ್ಲಿ ಯಾರಾದರೂ ಎದುರು ತಿರುಗಿದರೆ ಇರಲಿ ಎಂದು ಟೋಕಿಯೊದಲ್ಲಿ ಸಜ್ಜಾಗಿದ್ದ ಸುಮಾರು 8,000 ಚಕ್ರವರ್ತಿ ಪಡೆಯಲ್ಲೂ ತೊಸಾದ ತುಕಡಿ ಇತ್ತು. ಇಷ್ಟೆಲ್ಲ ಮಾಡಿದ ಇದೇ ಊರಿನವರು, ಅಧಿಕಾರ ಸಾತ್ಸುಮಾ-ಚೋಶೂ ಕೈಗೆ ಹೋಯಿತೆಂದು ತಿರುಗಿಬಿದ್ದು 1874ರಲ್ಲಿ ರಿಶ್ಶಿಶಾ ಎಂಬ ರಾಜಕೀಯ ಸಂಘ ಕಟ್ಟಿ, ಚುನಾಯಿತ ಸಭೆ ಬೇಕೆಂದರು. ಇತಾಗಾಕಿ ತೈಸುಕೆ ಮುಂದಾಳು. ಸ್ವಾತಂತ್ರ್ಯ ಮತ್ತು ಜನಹಕ್ಕುಗಳ ಚಳವಳಿಯ ಸಂಗ್ರಹಾಲಯ ಊರಿನ ದಕ್ಷಿಣಕ್ಕಿದೆ, ಟ್ರ್ಯಾಮಿನಲ್ಲಿ ಹೋಗಬಹುದು. ಸೋಮವಾರ ರಜೆ, ಭಾನುವಾರವೇ ಮುಗಿಸಿ.

ಏಳನೇ ದಿನ, ಸೋಮವಾರ: ಬೆಟ್ಟದ ನಡುವೆ ತೊಕುಶಿಮಕ್ಕೆ

ನಾಂಪೂ ಎಕ್ಸ್‌ಪ್ರೆಸ್‌ನಲ್ಲಿ ಅವಾ-ಇಕೆದಾ, ಅಲ್ಲಿ ತ್ಸುರುಗಿಸಾನ್‌ಗೆ ಬದಲಿಸಿ ತೊಕುಶಿಮ. ಎರಡೂವರೆಯಿಂದ ಮೂರು ಗಂಟೆ. ಸುರಂಗದ ಮೇಲೆ ಸುರಂಗ, ನಡುವೆ ಓಬೊಕೆ ಕಂದರದ ಹಸಿರು ನೀರು ಮಿಂಚಿ ಮಾಯ. ಈ ಬೆಟ್ಟದ ಹಳಿ ಪೂರ್ತಿ ಕೂಡಿದ್ದು 1935ರಲ್ಲಿ. 1876ರಿಂದ 1880ರವರೆಗೆ ಈ ಎರಡೂ ಕಡೆ ಒಂದೇ ಕೋಚಿ ಕೆನ್! ಅವಾ ನಾಡಿನವರು ಒಂದು ಸಹಿಗಾಗಿ ಈ ಬೆಟ್ಟ ಸುತ್ತಬೇಕಿತ್ತು. ಅವಾ ಯೊಶಿನೊ ಹೊಳೆಯ ಬಯಲಿನ ನೀಲಿಯ ಬೆಳೆಯಿಂದ ದುಡ್ಡು ಕಂಡ ನಾಡು, ಹಾಚಿಸುಕಾ ಮನೆತನದ 2,57,000 ಕೋಕು ಅವಾಜಿ ಸೇರಿ ದ್ವೀಪದಲ್ಲೇ ದೊಡ್ಡದು. ಅದರ ತೆರಿಗೆ ಬೆಟ್ಟದಾಚೆಯ ರಸ್ತೆಗೆ ಹೋಗುತ್ತದೆ ಎಂದರೆ ಯಾರು ಸುಮ್ಮನಿರುತ್ತಾರೆ? 1880ರ ಮಾರ್ಚ್ 2ಕ್ಕೆ ಬೇರ್ಪಟ್ಟಿತು.

ಇಂದಿಗೂ ವಿದ್ಯುತ್ ರೈಲು ಒಂದೂ ಓಡದ ಪ್ರಿಫೆಕ್ಚರ್ ಜಪಾನಿನಲ್ಲಿ ತೊಕುಶಿಮ ಒಂದೇ. ಊರಿನವರು ರೈಲಿಗೆ 'ದೆನ್ಶಾ' (ವಿದ್ಯುತ್ ಗಾಡಿ) ಅನ್ನದೆ 'ಕಿಶಾ' (ಉಗಿಗಾಡಿ) ಎಂದೇ ಅನ್ನುತ್ತಾರೆ.

ಎಂಟನೇ ದಿನ, ಮಂಗಳವಾರ: ತೊಕುಶಿಮ ಕೋಟೆ, ಸುಮೊತೊ

ನಿಲ್ದಾಣದ ಹಿಂದೆಯೇ ಕೋಟೆ ಇದ್ದ ಗುಡ್ಡ, 61 ಮೀಟರ್. ಕಟ್ಟಡಗಳನ್ನೆಲ್ಲ 1875ರಲ್ಲಿ ಕೆಡವಿದರು. ಉಳಿದಿದ್ದ ಒಂದೇ ಹದ್ದಿನ ಬಾಗಿಲು 1945ರ ಬಾಂಬ್ ದಾಳಿಯಲ್ಲಿ ಸುಟ್ಟಿತು, ಈಗ ನೋಡುವುದು 1989ರದ್ದು. ಗೋಡೆಯ ಕಲ್ಲು ಹತ್ತಿರದಿಂದ ನೋಡಿ. ಅವಾದ ಹಸಿರು ಶಿಲೆ, ಪದರಪದರವಾಗಿ ಸೀಳುವಂಥದು. ಮಳೆ ಬಿದ್ದರೆ ಹಸಿರು ಗಾಢವಾಗುತ್ತದೆ.

ಮಧ್ಯಾಹ್ನ ಓನಾರುತೊ ಸೇತುವೆ ದಾಟಿ ಅವಾಜಿ ದ್ವೀಪದ ಸುಮೊತೊಗೆ ಬಸ್ಸು. ನೇರ ಬಸ್ಸುಗಳು ಕಡಿಮೆ, ರೈಲು ಪಾಸ್ ನಡೆಯದು, ವೇಳಾಪಟ್ಟಿ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಮಿಕುಮಾ ಗುಡ್ಡದ ಮೇಲಿನ ಕೋಟೆಯ ಕಲ್ಲುಗೋಡೆ ಹಳೆಯದು. ಮೇಲಿನ ಪುಟ್ಟ ಗೋಪುರ 1928ರ ತೋರಿಕೆಯದು, ಒಳಗೆ ಹೋಗಲಾಗದು. 1615ರಿಂದ ಅವಾಜಿ ಹಾಚಿಸುಕಾಗಳದು, ಅವರ ಪರವಾಗಿ ಸುಮೊತೊ ನೋಡಿಕೊಂಡವರು ಇನಾದಾ ಮನೆತನ. 14,000 ಕೋಕಿಗೂ ಮೀರಿದ ಉಂಬಳಿ, ಎಷ್ಟೋ ದೈಮ್ಯೊಗಳಿಗಿಂತ ಹೆಚ್ಚು, ಆದರೂ ಆಳಿನ ಸ್ಥಾನ. 1869ರ ಹೊಸ ವರ್ಗೀಕರಣದಲ್ಲಿ ಒಡೆಯನ ಸಮುರಾಯ್‌ಗಳು 'ಶಿಜೊಕು', ಇನಾದಾಗಳ ಸಮುರಾಯ್‌ಗಳು ಒಂದು ಮೆಟ್ಟಿಲು ಕೆಳಗಿನ 'ಸೊತ್ಸು'. ನಮಗೇ ಬೇರೆ ಸಂಸ್ಥಾನ ಕೊಡಿ ಎಂದು ಇವರು ಕೇಳಿದರು. ಸಂಸ್ಥಾನಗಳಿಗೆ ಇನ್ನು ಎರಡೇ ವರ್ಷ ಆಯುಸ್ಸು ಎಂದು ಯಾರಿಗೂ ಗೊತ್ತಿರಲಿಲ್ಲ. 1870ರ ಐದನೇ ತಿಂಗಳು 13ರಂದು (ಚಾಂದ್ರಮಾನ, ಮರೆಯಬೇಡಿ) ತೊಕುಶಿಮದ ಪಕ್ಷದವರು ಸುಮೊತೊ ಮೇಲೆ ಬಿದ್ದರು, ಹದಿನೇಳು ಜನ ಸತ್ತರು. ಮುಂದಾಳುಗಳಲ್ಲಿ ಹತ್ತು ಮಂದಿಗೆ ಸೆಪ್ಪುಕು, ಕಾನೂನಿನ ಶಿಕ್ಷೆಯಾಗಿ ನಡೆದ ಕೊನೆಯ ಸೆಪ್ಪುಕು ಎಂದು ಇದನ್ನು ಎಣಿಸುತ್ತಾರೆ. ಇನಾದಾ ಕಡೆಯ 500ಕ್ಕೂ ಹೆಚ್ಚು ಜನ ಹೊಕ್ಕೈದೊದ ಶಿಜುನಾಇಗೆ ನೆಲ ಕಡಿಯಲು ಹೋದರು.

1876ರಲ್ಲಿ ಮ್ಯೋದೊ ಒಡೆದಾಗ ಅವಾ ಕೋಚಿಗೆ, ಅವಾಜಿ ಕೊಬೆ ಕೇಂದ್ರವಾದ ಹ್ಯೋಗೊ ಕೆನ್‌ಗೆ ಹೋಯಿತು. ಅವಾ ನಾಲ್ಕೇ ವರ್ಷದಲ್ಲಿ ಬಿಡಿಸಿಕೊಂಡಿತು. ಅವಾಜಿ ಹಿಂದಿರುಗಲಿಲ್ಲ. ಅದು ತನ್ನದೇ ಹಳೆಯ ಕುನಿ, ಶಿಕೋಕುವಿನ ನಾಲ್ಕು ಮುಖಗಳಲ್ಲಿ ಸೇರಿದ್ದೂ ಅಲ್ಲ. ಸುಮೊತೊ ಬಸ್ ನಿಲ್ದಾಣದಲ್ಲಿ ನಿಂತ ಕಾರುಗಳ ನಂಬರ್ ಫಲಕ ನೋಡಿ, 'ಕೊಬೆ' ಎಂದಿರುತ್ತದೆ. ತೊಕುಶಿಮಕ್ಕೆ ದಿನಕ್ಕೆ ಕೆಲವೇ ಬಸ್ಸು, ಕೊಬೆಯ ಸಾನ್ನೊಮಿಯಾಗೆ ಅದಕ್ಕಿಂತ ಎಷ್ಟೋ ಹೆಚ್ಚು. ಸಂಜೆಯ ಬಸ್ಸು ಹಿಡಿದರೆ ಒಂದೂವರೆ ಗಂಟೆಯಲ್ಲಿ ಅಕಾಶಿ ಸೇತುವೆ ದಾಟಿ ಕೊಬೆ.